ಬೇಲಿಯ ಆಚೆ ಈಚೆ: ಜಿಬ್ರಾಲ್ಟರ್‌ನಲ್ಲಿ ಐದು ದಿನ

ಮೊದಲ ದಿನ: ಸಾನ್ ರೋಕೆ

ಸ್ಪೇನಿಗೆ ಅಂಟಿಕೊಂಡಿದ್ದೂ ಬ್ರಿಟನ್ನಿನ ಕೈಯಲ್ಲಿರುವ ಬಂಡೆಯ ಊರು ಜಿಬ್ರಾಲ್ಟರ್‌ಗೆ ಹೋಗುವವರು ಸಾಮಾನ್ಯವಾಗಿ ಸಾನ್ ರೋಕೆಯಲ್ಲಿ ಇಳಿಯುವುದಿಲ್ಲ. ಸ್ಪೇನಿನ ದಕ್ಷಿಣ ತುದಿಯಲ್ಲಿ ಗುಡ್ಡದ ಮೇಲಿರುವ ಈ ಸಣ್ಣ ಪಟ್ಟಣವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದ ನನಗೆ ಮಾತ್ರ, ಬಂಡೆಯನ್ನು ಕಳೆದುಕೊಂಡವರ ಊರನ್ನು ನೋಡದೆ ಬಂಡೆಯ ಮೇಲೆ ಕಾಲಿಡುವುದು ಸರಿಯೆನಿಸಲಿಲ್ಲ. 2024ರ ಮಾರ್ಚ್ ತಿಂಗಳಲ್ಲಿ, ಮಾಲಗದಲ್ಲಿ ಓದುತ್ತಿರುವ ಮಗಳನ್ನು ಜೊತೆಗೆ ಕರೆದುಕೊಂಡು ಬೆಳಗಿನ ಬಸ್ಸು ಹಿಡಿದೆ. ಸ್ಪ್ಯಾನಿಷ್ ಬಲ್ಲವಳು ಅವಳು. ಈ ಐದು ದಿನ ನಾನು ಕೇಳಿದ್ದೆಲ್ಲವೂ ಅವಳ ಬಾಯಿಂದಲೇ ಕನ್ನಡವಾಗಿ ನನ್ನ ಕಿವಿಗೆ ಬಿದ್ದದ್ದು.

ಸುಣ್ಣ ಬಳಿದ ಮನೆಗಳ ನಡುವಿನ ಏರು ಬೀದಿಯನ್ನು ಹತ್ತಿ ತುದಿಗೆ ಬಂದಾಗ ದಕ್ಷಿಣಕ್ಕೆ ಜಿಬ್ರಾಲ್ಟರ್ ಬಂಡೆ ಕಂಡಿತು. ಸಮುದ್ರದಿಂದ ನೆಟ್ಟಗೆ ಎದ್ದು ನಿಂತ, 426 ಮೀಟರ್ ಎತ್ತರದ ಸುಣ್ಣಕಲ್ಲಿನ ಗುಡ್ಡ. ಈ ಊರಿನವರಿಗೆ ಅದು ಬರಿಯ ನೋಟವಲ್ಲ. 1704ರ ಆಗಸ್ಟ್‌ನಲ್ಲಿ, ಸ್ಪೇನಿನ ಸಿಂಹಾಸನಕ್ಕಾಗಿ ಯುರೋಪಿನ ರಾಜಮನೆತನಗಳು ಕಾದಾಡುತ್ತಿದ್ದಾಗ, ಅಡ್ಮಿರಲ್ ಜಾರ್ಜ್ ರೂಕ್‌ನ ನೇತೃತ್ವದ ಇಂಗ್ಲಿಷ್ ಮತ್ತು ಡಚ್ ನೌಕಾಪಡೆ ಜಿಬ್ರಾಲ್ಟರನ್ನು ವಶಪಡಿಸಿಕೊಂಡಿತು. ವಶಪಡಿಸಿಕೊಂಡದ್ದು ಇಂಗ್ಲೆಂಡಿನ ಹೆಸರಿನಲ್ಲಲ್ಲ, ಸಿಂಹಾಸನದ ಹಕ್ಕುದಾರರಲ್ಲಿ ಒಬ್ಬನಾದ ಆಸ್ಟ್ರಿಯಾದ ಚಾರ್ಲ್ಸ್‌ನ ಹೆಸರಿನಲ್ಲಿ. ಆತನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ ಜನ ಮನೆಮಠ ಬಿಟ್ಟು ಹೊರನಡೆದರು. ಊರಿಗೆ ಊರೇ ಖಾಲಿಯಾಯಿತು. ಬೆರಳೆಣಿಕೆಯಷ್ಟು ಕುಟುಂಬಗಳು ಮಾತ್ರ ಉಳಿದವು. ಹೊರಟವರಲ್ಲಿ ಬಹಳ ಮಂದಿ, ಇಲ್ಲಿದ್ದ ಸಂತ ರೋಕೆಯ ಸಣ್ಣ ಗುಡಿಯ ಸುತ್ತ ಬಿಡಾರ ಹೂಡಿದರು. ನಾಲ್ಕು ದಿನದಲ್ಲಿ ತಿರುಗಿ ಹೋಗುತ್ತೇವೆಂದು ಹೂಡಿದ ಬಿಡಾರವೇ ಇಂದಿನ ಪಟ್ಟಣ.

ಬರುವಾಗ ಅವರು ಪೌರಸಭೆಯ ಕಡತಗಳನ್ನೂ, ಊರಿನ ಧ್ವಜವನ್ನೂ ಹೊತ್ತು ತಂದರು. ಅವನ್ನು ಸಾನ್ ರೋಕೆ ತನ್ನ ಸೊತ್ತಾಗಿ ಕಾಪಾಡಿಕೊಂಡಿದೆ. 1502ರಲ್ಲಿ ರಾಣಿ ಇಸಬೆಲ್ಲಾ ಜಿಬ್ರಾಲ್ಟರ್‌ಗೆ ಕೊಟ್ಟ ಲಾಂಛನದಲ್ಲಿ ಮೂರು ಗೋಪುರಗಳ ಒಂದು ಕೋಟೆ, ಅದರ ಬಾಗಿಲಿನಿಂದ ಇಳಿಬಿದ್ದ ಒಂದು ಬಂಗಾರದ ಬೀಗದ ಕೈ. ಅದೇ ಕೋಟೆ, ಅದೇ ಕೀಲಿಕೈ ಸಾನ್ ರೋಕೆಯ ಲಾಂಛನದಲ್ಲಿಯೂ ಇವೆ. ಲಾಂಛನದ ಮುಂದೆ ನಿಂತು ಮಗಳು ಊರಿನ ಬಿರುದನ್ನು ನನಗೆ ಹೇಳಿದಳು: "ಅಪ್ಪಾ, ಅತ್ಯಂತ ಘನತೆಯ, ಅತ್ಯಂತ ನಿಷ್ಠೆಯ ಸಾನ್ ರೋಕೆ ನಗರ, ಜಿಬ್ರಾಲ್ಟರ್ ನೆಲೆಸಿರುವುದು ಇಲ್ಲಿಯೇ ಅಂತ." ಮುನ್ನೂರು ವರ್ಷ ಕಳೆದರೂ ಈ ಊರು ತನ್ನನ್ನು ತಾನು ಕರೆದುಕೊಳ್ಳುವುದು ಹಾಗೆಯೇ. ಮನೆ ಕಳೆದುಕೊಂಡವರು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಚಿತ್ರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಪಟ್ಟಣದ ಮುಖ್ಯ ಚರ್ಚಿನ ಹೆಸರು ಸಾಂತಾ ಮರಿಯಾ ಲಾ ಕೊರೊನಾದಾ, ಎಂದರೆ ಕಿರೀಟಧಾರಿಣಿ ಮೇರಿಮಾತೆ. ಒಳಗಿನ ತಂಪಿನಲ್ಲಿ ನಾಲ್ಕೈದು ಮಂದಿ ಹೆಂಗಸರು ಮೌನವಾಗಿ ಕುಳಿತಿದ್ದರು. ಜಿಬ್ರಾಲ್ಟರ್‌ನಿಂದ ತಂದ ವಿಗ್ರಹಗಳು ಈ ಚರ್ಚಿನಲ್ಲಿವೆ. ಈ ಹೆಸರನ್ನು ನೆನಪಿಟ್ಟುಕೊಂಡು ಸಂಜೆ ಲಾ ಲೀನಿಯಾಕ್ಕೆ ಹೊರಟೆವು.

ಎರಡನೆಯ ದಿನ: ಲಾ ಲೀನಿಯಾ

ಲಾ ಲೀನಿಯಾ ಎಂದರೆ ಗೆರೆ. ಊರಿಗೆ ಗೆರೆಯೆಂದೇ ಹೆಸರು. 18ನೆಯ ಶತಮಾನದಲ್ಲಿ ಬ್ರಿಟಿಷರು ಬಂಡೆಯಿಂದ ಆಚೆ ಬಾರದಂತೆ ಸ್ಪೇನ್ ಸಮುದ್ರದಿಂದ ಸಮುದ್ರದವರೆಗೆ ಕಟ್ಟಿದ ಕೋಟೆಸಾಲಿನ ನೆನಪು ಅದು. 1870ರಲ್ಲಿ ಸಾನ್ ರೋಕೆಯಿಂದ ಬೇರ್ಪಟ್ಟು ಪ್ರತ್ಯೇಕ ಪುರಸಭೆಯಾಯಿತು. ಬಂಡೆಯ ಕೆಳಗೇ ಇರುವ ಈ ಊರಿನಲ್ಲಿ ವಸತಿಗೃಹದ ಬಾಡಿಗೆ ಜಿಬ್ರಾಲ್ಟರ್‌ಗಿಂತ ಬಹಳ ಕಡಿಮೆಯಾದ್ದರಿಂದ ಇಲ್ಲಿಯೇ ಉಳಿದುಕೊಂಡು ದಿನವೂ ಗಡಿ ದಾಟುವುದೆಂದು ನಿಶ್ಚಯಿಸಿದ್ದೆವು.

ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಬಳಿ ಹೋಗಿ ನಿಂತೆವು. ನಡೆದು ಬರುವವರು, ಸೈಕಲ್ ತಳ್ಳಿಕೊಂಡು ಬರುವವರು, ಸ್ಕೂಟರಿನ ಸಾಲು, ಕೈಯಲ್ಲಿ ಊಟದ ಡಬ್ಬಿ. ದಿನವೂ ಸುಮಾರು 15,000 ಮಂದಿ ಹೀಗೆ ಕೆಲಸಕ್ಕೆ ಗಡಿ ದಾಟುತ್ತಾರೆ. ಸುಮಾರು 34,000 ಜನವಸತಿಯ ಜಿಬ್ರಾಲ್ಟರ್‌ನ ಆಸ್ಪತ್ರೆ, ಅಂಗಡಿ, ಹೋಟೆಲು, ಕಟ್ಟಡದ ಕೆಲಸ ಎಲ್ಲವೂ ನಡೆಯುವುದು ಇವರಿಂದ. ಇವರ ಮನೆಯ ಒಲೆ ಉರಿಯುವುದು ಆ ಸಂಬಳದಿಂದ.

ಈ ಗಡಿಗೆ ಏನೆಂದು ಕರೆಯಬೇಕೆಂಬುದೇ ಒಂದು ವಿವಾದ. ಆಚೆಯವರು ಇದನ್ನು ಗಡಿ ಎನ್ನುತ್ತಾರೆ. ಸ್ಪೇನ್ ಸರ್ಕಾರ ಹಾಗೆನ್ನುವುದಿಲ್ಲ. ಅದು ಬಳಸುವ ಪದ 'ವೆರ್ಹಾ', ಎಂದರೆ ಬರಿಯ ಬೇಲಿ. ಕಾರಣ, ಸಿಂಹಾಸನದ ಆ ಯುದ್ಧದ ಕೊನೆಗೆ ಆದ 1713ರ ಉಟ್ರೆಕ್ಟ್ ಒಪ್ಪಂದದಲ್ಲಿದೆ. ಅದರ ಹತ್ತನೆಯ ವಿಧಿಯ ಪ್ರಕಾರ ಸ್ಪೇನಿನ ದೊರೆ ಜಿಬ್ರಾಲ್ಟರ್‌ನ ಪಟ್ಟಣ, ಕೋಟೆ, ಬಂದರು ಮತ್ತು ರಕ್ಷಣಾ ಕಟ್ಟಡಗಳನ್ನು ಬ್ರಿಟಿಷ್ ರಾಜಮನೆತನಕ್ಕೆ ಎಂದೆಂದಿಗೂ ಬಿಟ್ಟುಕೊಟ್ಟ. ಸುತ್ತಲಿನ ಪ್ರದೇಶದ ಮೇಲೆ ಅಧಿಕಾರವಿಲ್ಲ, ನೆಲಮಾರ್ಗದ ಮುಕ್ತ ಸಂಪರ್ಕವಿಲ್ಲ ಎಂಬ ಷರತ್ತುಗಳಿದ್ದವು. ಬ್ರಿಟನ್ ಎಂದಾದರೂ ಅದನ್ನು ಕೊಡಲು ಅಥವಾ ಮಾರಲು ಬಯಸಿದರೆ ಮೊದಲ ಹಕ್ಕು ಸ್ಪೇನಿಗೆ ಎಂದೂ ಬರೆಯಲಾಗಿತ್ತು. ಬಂಡೆಯನ್ನು ಸ್ಪೇನಿನ ನೆಲಕ್ಕೆ ಜೋಡಿಸುವ ಮರಳಿನ ಪಟ್ಟಿಯ ಹೆಸರು ಒಪ್ಪಂದದಲ್ಲಿಲ್ಲ. 1815ರ ಜ್ವರದ ಹಾವಳಿಯಲ್ಲಿ ಜಿಬ್ರಾಲ್ಟರ್‌ನ ಜನ ಅಲ್ಲಿ ಡೇರೆ ಹಾಕಿಕೊಳ್ಳಲು ಸ್ಪೇನ್ ಮಾನವೀಯತೆಯಿಂದ ಸಮ್ಮತಿಸಿತು. ಹೋದವರು ಪೂರ್ತಿಯಾಗಿ ಹಿಂದಿರುಗಲಿಲ್ಲ ಎಂಬುದು ಸ್ಪೇನಿನ ದೂರು. 1909ರಲ್ಲಿ ಬ್ರಿಟಿಷರು ಅಲ್ಲಿ ಬೇಲಿ ಹಾಕಿದರು, ಆಮೇಲೆ ವಿಮಾನ ನಿಲ್ದಾಣವನ್ನೂ ಕಟ್ಟಿದರು. ಬಂಡೆಯ ವಿಷಯದಲ್ಲಿ ಬ್ರಿಟನ್ನಿನ ಕೈಯಲ್ಲಿ ಒಪ್ಪಂದದ ಕಾಗದವಾದರೂ ಇದೆ. ಈ ಮರಳಿನ ಪಟ್ಟಿಯ ವಿಷಯದಲ್ಲಿ ಇರುವುದು ದೀರ್ಘಕಾಲದ ಅನುಭೋಗ ಮಾತ್ರ. ಸ್ಪೇನಿನ ವಾದ ಇಲ್ಲಿ ಹೆಚ್ಚು ಗಟ್ಟಿಯೆಂದು ನನ್ನ ಅಭಿಪ್ರಾಯ.

ಮಧ್ಯಾಹ್ನ ಗೇಟಿಗೆ ಹತ್ತಿರದ ಒಂದು ಕಾಫಿ ಅಂಗಡಿಯಲ್ಲಿ ಪಕ್ಕದ ಮೇಜಿನಲ್ಲಿದ್ದ ಅಜ್ಜಿಯೊಬ್ಬರು ಮಗಳನ್ನು ಮಾತಿಗೆ ಎಳೆದರು. ಎಂಬತ್ತರ ಹತ್ತಿರದ ವಯಸ್ಸು. ತಂದೆ ಜಿಬ್ರಾಲ್ಟರ್‌ನ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದರು, ಅಕ್ಕ ಅಲ್ಲಿಯವನನ್ನೇ ಮದುವೆಯಾಗಿದ್ದಳು. 1969ರ ಜೂನ್‌ನಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಗೇಟಿಗೆ ಬೀಗ ಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ ಜಿಬ್ರಾಲ್ಟರ್‌ಗೆ ಕೊಟ್ಟ ಸಂವಿಧಾನವು, ಅಲ್ಲಿನ ಜನರ ಇಚ್ಛೆಗೆ ವಿರುದ್ಧವಾಗಿ ಅವರನ್ನು ಇನ್ನೊಂದು ದೇಶದ ಆಡಳಿತಕ್ಕೆ ಒಪ್ಪಿಸುವುದಿಲ್ಲ ಎಂದು ಹೇಳಿದ್ದು ಇದಕ್ಕೆ ಕಾರಣ. ಸುಮಾರು ಐದು ಸಾವಿರ ಸ್ಪ್ಯಾನಿಷ್ ಕೆಲಸಗಾರರು ಒಂದೇ ರಾತ್ರಿಯಲ್ಲಿ ಕೆಲಸ ಕಳೆದುಕೊಂಡರು. ದೋಣಿ ನಿಂತಿತು, ದೂರವಾಣಿಯ ತಂತಿಯನ್ನೂ ಕಡಿದರು. ಬಂಡೆಯ ಜನರನ್ನು ಮಣಿಸಲು ಹಾಕಿದ ಬೀಗದಿಂದ ಹಸಿದದ್ದು ಲಾ ಲೀನಿಯಾ. ಸಾವಿರಾರು ಮಂದಿ ಊರು ಬಿಟ್ಟು ದುಡಿಮೆಗಾಗಿ ದೂರ ಹೋದರು.

ಭಾನುವಾರಗಳಂದು ಅಕ್ಕ ಆ ಬದಿಯಲ್ಲಿ, ತಾವು ಈ ಬದಿಯಲ್ಲಿ ನಿಂತು ಕೂಗಿ ಮಾತನಾಡುತ್ತಿದ್ದುದನ್ನು ಅಜ್ಜಿ ಹೇಳಿದರು. ಎರಡು ಗೇಟುಗಳ ನಡುವೆ ಯಾರದೂ ಅಲ್ಲದ ಅಷ್ಟಗಲ ನೆಲ. ಹುಟ್ಟಿದ ಮಗುವನ್ನು ಅಕ್ಕ ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ತೋರಿಸಿದಳಂತೆ. ಮೂಡಣ ಗಾಳಿ ಬೀಸಿದ ದಿನ ಮಾತು ಕೊಲ್ಲಿಯ ಕಡೆಗೆ ಹಾರಿಹೋಗುತ್ತಿತ್ತು, ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. "ನಾವು ಆಗ ಒಳ್ಳೆಯ ಸುದ್ದಿ ಮಾತ್ರ ಹೇಳುತ್ತಿದ್ದೆವು. ಕೆಟ್ಟ ಸುದ್ದಿಯನ್ನು ಕೂಗಿ ಹೇಳುವುದು ಹೇಗೆ?" ಎಂದರು. ತಂದೆ ತೀರಿಕೊಂಡಾಗ ಅಕ್ಕ ಜಿಬ್ರಾಲ್ಟರ್‌ನಿಂದ ಆಫ್ರಿಕಾದ ಟ್ಯಾಂಜಿಯರ್‌ಗೆ ಹಡಗಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಹಡಗಿನಲ್ಲಿ ಕೊಲ್ಲಿಯ ಆಚೆ ದಡದ ಸ್ಪೇನಿನ ಬಂದರು ಆಲ್ಹೆಸಿರಾಸ್‌ಗೆ ಬಂದು, ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಎರಡನೆಯ ದಿನದ ಸಂಜೆಯಾಗಿತ್ತು, ಮಣ್ಣು ಮುಗಿದಿತ್ತು. ಎರಡು ಮನೆಗಳ ನಡುವಿನ ದಾರಿ ಕಾಲುನಡಿಗೆಯಲ್ಲಿ ಅರ್ಧ ಗಂಟೆಯದು.

1982ರ ಡಿಸೆಂಬರಿನಲ್ಲಿ ನಡೆದು ಹೋಗುವವರಿಗೆ ಗೇಟು ತೆರೆಯಿತು. ವಾಹನಗಳಿಗೆ ತೆರೆದದ್ದು 1985ರ ಫೆಬ್ರವರಿಯಲ್ಲಿ.

ಮೂರನೆಯ ದಿನ: ಬೇಲಿಯ ಆಚೆ

ಜಿಬ್ರಾಲ್ಟರ್ ಆಗ ಷೆಂಗೆನ್ ವಲಯದ, ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿತ್ತು. ಅಲ್ಲಿಗೆ ಹೋದವರಿಗೆ ಸ್ಪೇನಿಗೆ ಮರಳಿ ಬರಲು ಅವಕಾಶವಿರುವ ವೀಸಾ ಇರಬೇಕಿತ್ತು. ಕಾಗದಗಳನ್ನೆಲ್ಲ ಮೊದಲೇ ಹೊಂದಿಸಿಕೊಂಡಿದ್ದರಿಂದ ತೊಂದರೆಯಾಗಲಿಲ್ಲ. ಗೇಟು ದಾಟಿದ ಕೂಡಲೇ ಸಿಗುವುದು ವಿಮಾನದ ಓಡುಹಾದಿ. ಅದಕ್ಕೆ ಅಡ್ಡಲಾಗಿಯೇ ನಡೆದು ಊರಿಗೆ ಹೋಗಬೇಕು. 2023ರಲ್ಲಿ ವಾಹನಗಳಿಗಾಗಿ ಸುರಂಗ ತೆರೆದರೂ ಪಾದಚಾರಿಗಳು ಇಂದಿಗೂ ಓಡುಹಾದಿಯನ್ನು ದಾಟಿಯೇ ಹೋಗುತ್ತಾರೆ. ನಾವು ತಲುಪುವ ಹೊತ್ತಿಗೆ ವಿಮಾನವೊಂದು ಇಳಿಯುವುದಿತ್ತು. ರೈಲ್ವೆ ಗೇಟಿನಲ್ಲಿ ಕಾಯುವಂತೆ ಅಡ್ಡಪಟ್ಟಿಯ ಹಿಂದೆ ಜನರೊಡನೆ ಕಾದು ನಿಂತೆವು.

ಮುಖ್ಯ ಬೀದಿಯಲ್ಲಿ ಕೆಂಪು ಅಂಚೆಪೆಟ್ಟಿಗೆಗಳು, ಲಂಡನ್ನಿನವರಂತೆ ಟೋಪಿ ಧರಿಸಿದ ಪೊಲೀಸರು, ಪೌಂಡ್ ನೋಟುಗಳು. ಕಿವಿಗೆ ಬೀಳುವುದು ಬೇರೆಯೇ. ಒಂದೇ ವಾಕ್ಯದಲ್ಲಿ ಆಂಡಲೂಸಿಯಾದ ಸ್ಪ್ಯಾನಿಷ್ ಶುರುವಾಗಿ ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಇದಕ್ಕೆ ಯಾನಿತೋ ಎಂದು ಹೆಸರು. 1704ರ ನಂತರ ಖಾಲಿಯಾದ ಊರಿಗೆ ಜಿನೋವಾ, ಮಾಲ್ಟಾ, ಪೋರ್ಚುಗಲ್, ಮೊರಾಕ್ಕೋಗಳಿಂದ ಬಂದವರು, ಬೇಲಿಯಾಚೆಯ ಸ್ಪ್ಯಾನಿಷ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೆಳೆಸಿದ ಮಾತು ಅದು. ಯಹೂದ್ಯರು ಇಲ್ಲಿ ನೆಲೆಸಬಾರದೆಂದು ಉಟ್ರೆಕ್ಟ್ ಒಪ್ಪಂದದಲ್ಲಿ ಬರೆದಿತ್ತು; ಇಂದು ಈ ಪುಟ್ಟ ಊರಿನಲ್ಲಿ ನಾಲ್ಕು ಸಿನಗಾಗ್‌ಗಳಿವೆ.

ಬೀದಿಯ ನಡುವೆ ಕ್ಯಾಥೊಲಿಕ್ ಮಹಾಚರ್ಚು. ಹೆಸರು ಓದಿ ನಾನು ನಿಂತುಬಿಟ್ಟೆ: ಸೇಂಟ್ ಮೇರಿ ದಿ ಕ್ರೌನ್ಡ್. ಕಿರೀಟಧಾರಿಣಿ ಮೇರಿಮಾತೆ. ಮಸೀದಿಯಿದ್ದ ಜಾಗದಲ್ಲಿ ಕಟ್ಟಿದ ಮೂಲ ಚರ್ಚು ಇದು. ಮೊನ್ನೆ ಸಾನ್ ರೋಕೆಯಲ್ಲಿ ಕಂಡದ್ದು ಇದರ ಹೆಸರನ್ನು ಹೊತ್ತು ಹೊರಟವರು ಕಟ್ಟಿಕೊಂಡದ್ದು. 1704ರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೊರಟಾಗ ಈ ಚರ್ಚಿನ ಪಾದ್ರಿ ಹ್ವಾನ್ ರೊಮೇರೊ ದೆ ಫಿಗೆರೋವಾ ಹೊರಡಲಿಲ್ಲ. ಸೈನಿಕರು ಊರನ್ನು ಸೂರೆ ಮಾಡುತ್ತಿದ್ದಾಗ ಚರ್ಚನ್ನು ಕಾದುಕೊಂಡು ಉಳಿದ. ಹೊರಟವರನ್ನು ನಿಷ್ಠರೆಂದು ಸ್ಪೇನ್ ಹೊಗಳಿತು. ಉಳಿದ ಈ ಪಾದ್ರಿಯ ನಿಷ್ಠೆ ಅದಕ್ಕಿಂತ ಯಾವ ಬಗೆಯಲ್ಲಿ ಕಡಿಮೆ?

ಎಂಜಿನಿಯರ್ ಲೇನ್ ಎಂಬ ಓಣಿಯಲ್ಲಿರುವ ಹಿಂದೂ ದೇವಸ್ಥಾನದಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತರ ದರ್ಶನವಾಯಿತು. 19ನೆಯ ಶತಮಾನದಲ್ಲಿ ಸಿಂಧ್ ಪ್ರಾಂತದಿಂದ ಬಂದ ವರ್ತಕರ ವಂಶದವರು ಇಲ್ಲಿ ಇಂದಿಗೂ ವ್ಯಾಪಾರ ನಡೆಸುತ್ತಿದ್ದಾರೆ. ಅವರಲ್ಲೊಬ್ಬರು ನನ್ನೊಡನೆ ಹಿಂದಿಯಲ್ಲಿ ಮಾತನಾಡಿದರು. ಭಾರತದವನಾದ ನಾನು, ವಸಾಹತಿನ ಜನ ಸ್ವಇಚ್ಛೆಯಿಂದ ಬ್ರಿಟಿಷರ ಬಳಿ ಉಳಿಯುವುದನ್ನು ಅರ್ಥಮಾಡಿಕೊಳ್ಳಲು ಕಷ್ಟಪಡುತ್ತಿದ್ದೇನೆ ಎಂದೆ. ಅವರು ತಾಳ್ಮೆಯಿಂದ ಹೇಳಿದರು: "ಇದು ಇಂಗ್ಲೆಂಡಿನ ಮೇಲಿನ ಪ್ರೀತಿಯಷ್ಟೇ ಅಲ್ಲ, ಮಾಸ್ತರರೇ. ನಮ್ಮನ್ನು ಕೇಳದೆ ನಮ್ಮ ವಿಷಯ ಯಾರೂ ಮಾತನಾಡಬಾರದು, ಅಷ್ಟೆ. ಗೇಟಿಗೆ ಬೀಗ ಹಾಕಿ ಹದಿಮೂರು ವರ್ಷ ಕೂಡಿಹಾಕಿದವರನ್ನು ನಮ್ಮ ತಾಯಿತಂದೆ ಮರೆಯಲಿಲ್ಲ."

ಜಿಬ್ರಾಲ್ಟರ್‌ನ ಜನರನ್ನು ಕೇಳಿದಾಗಲೆಲ್ಲ ಉತ್ತರ ಒಂದೇ. 1967ರ ಸೆಪ್ಟೆಂಬರ್ 10ರ ಜನಮತ ಗಣನೆಯಲ್ಲಿ ಬ್ರಿಟನ್ ಜೊತೆ ಉಳಿಯಲು 12,138 ಮತ, ಸ್ಪೇನ್ ಸೇರಲು 44. 2002ರಲ್ಲಿ ಎರಡೂ ದೇಶಗಳು ಸಾರ್ವಭೌಮತ್ವವನ್ನು ಹಂಚಿಕೊಳ್ಳುವ ಮಾತುಕತೆ ನಡೆಸಿದಾಗ, ಜಿಬ್ರಾಲ್ಟರ್ ಸರ್ಕಾರ ತಾನೇ ಏರ್ಪಡಿಸಿದ ಮತದಾನದಲ್ಲಿ ಬೇಡವೆಂದವರು 17,900, ಬೇಕೆಂದವರು 187. ಸ್ಪೇನಿನ ಪ್ರತಿವಾದವನ್ನೂ ಹೇಳಬೇಕು. ಮೂಲ ನಿವಾಸಿಗಳನ್ನು ಹೊರಡಿಸಿ ಆ ಜಾಗಕ್ಕೆ ಬಂದವರ ಮತದಿಂದ ಒಂದು ದೇಶದ ಭೂಭಾಗದ ಪ್ರಶ್ನೆ ಇತ್ಯರ್ಥವಾಗದು ಎಂಬುದು ಅದರ ನಿಲುವು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ 1967ರ ಮತದಾನವನ್ನು ಒಪ್ಪಲಿಲ್ಲ, ಇಂದಿಗೂ ಜಿಬ್ರಾಲ್ಟರ್ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಅದರ ಪಟ್ಟಿಯಲ್ಲಿದೆ. ಊರಿನಿಂದ ಹೊರಡುವಾಗ ನಾನು ಗೋವೆಯ ಅಳತೆಗೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದೆ. ವಿದೇಶಿಯರು ಹಿಡಿದ ನೆಲ ಪಕ್ಕದ ದೇಶಕ್ಕೆ ಸೇರಬೇಕಾದದ್ದು ಸಹಜ ಎಂದುಕೊಂಡಿದ್ದೆ. ಆ ಅಳತೆ ಇಲ್ಲಿಗೆ ಹೊಂದುವುದಿಲ್ಲ. ಗೋವೆಯ ಜನ ಗೋವೆಯಲ್ಲಿಯೇ ಇದ್ದರು. ಇಲ್ಲಿಯ ಜನ ಹೊರಗೆ ಹೋಗಿ ಸಾನ್ ರೋಕೆಯವರಾದರು, ಹೊರಗಿನವರು ಬಂದು ಹತ್ತು ತಲೆಮಾರುಗಳಲ್ಲಿ ಇಲ್ಲಿಯವರಾದರು. ಒಂದು ಅನ್ಯಾಯವನ್ನು ಸರಿಪಡಿಸಲು ಇನ್ನೊಂದನ್ನು ಮಾಡದೆ ದಾರಿಯಿಲ್ಲದಷ್ಟು ಕಾಲ ಕಳೆದಿದೆ.

ನಾಲ್ಕನೆಯ ದಿನ: ಬಂಡೆಯ ಮೇಲೆ

ಬೆಳಿಗ್ಗೆ ಬಂಡೆಯ ನೆತ್ತಿಗೆ ಮೋಡ ಕವಿದಿತ್ತು. ಮೂಡಣ ಗಾಳಿ ಬೀಸಿದಾಗ ತೇವ ಬಂಡೆಗೆ ತಾಗಿ ಮೇಲೇರಿ, ತುದಿಯಿಂದ ಪಶ್ಚಿಮಕ್ಕೆ ಬಾವುಟದಂತೆ ಚಾಚಿಕೊಳ್ಳುತ್ತದೆ. ಮೊನ್ನೆ ಅಜ್ಜಿ ಹೇಳಿದ ಗಾಳಿ ಇದೇ.

1779ರಿಂದ 1783ರವರೆಗೆ ಸ್ಪೇನ್ ಮತ್ತು ಫ್ರಾನ್ಸ್ ಕೂಡಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಹಾಕಿದ ಮುತ್ತಿಗೆಯಲ್ಲಿ ಬ್ರಿಟಿಷ್ ಸೈನಿಕರು ಕೊರೆದ ಸುರಂಗಗಳ ಒಳಗೆ ನಡೆದೆವು. ಬಂಡೆಯ ಉತ್ತರದ ಮುಖದಲ್ಲಿ ಫಿರಂಗಿ ಇಡಲು ಜಾಗ ಬೇಕಿತ್ತು. 1782ರಲ್ಲಿ ಸಾರ್ಜೆಂಟ್ ಮೇಜರ್ ಇನ್ಸ್ ಎಂಬಾತ ಒಳಗಿನಿಂದ ಕೊರೆದು ಹೋಗುವ ಉಪಾಯ ಹೇಳಿದ. ಮದ್ದಿನ ಹೊಗೆಗೆ ಉಸಿರು ಕಟ್ಟಿದಾಗ ಗಾಳಿಗೆಂದು ಪಕ್ಕಕ್ಕೆ ಒಂದು ಕಿಂಡಿ ತೆಗೆದರಂತೆ, ಆ ಕಿಂಡಿಯೇ ಫಿರಂಗಿಗೆ ಒಳ್ಳೆಯ ಜಾಗವೆಂದು ಆಮೇಲೆ ಹೊಳೆಯಿತು. ಗೋಡೆಯನ್ನು ಮುಟ್ಟಿದೆ. ಉಳಿಯ ಏಟುಗಳ ಗೀರು ಕೈಬೆರಳಿಗೆ ಒಂದೊಂದಾಗಿ ತಾಗುತ್ತಿತ್ತು.

ಮೈಸೂರಿನವನಿಗೆ ಇಲ್ಲಿ ಒಂದು ನೆನಪು ತಪ್ಪಿದ್ದಲ್ಲ. ಈ ಮುತ್ತಿಗೆಯಲ್ಲಿ ಕಾದಾಡಿದ ಬ್ರಿಟಿಷ್ 12ನೆಯ ಪದಾತಿ ದಳವೇ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇತ್ತು. ಆ ದಳದ ಗೌರವಪಟ್ಟಿಯಲ್ಲಿ ಜಿಬ್ರಾಲ್ಟರ್, ಶ್ರೀರಂಗಪಟ್ಟಣ ಎರಡೂ ಹೆಸರುಗಳಿವೆ. ಅದರ ಲಾಂಛನದಲ್ಲಿ ಇಸಬೆಲ್ಲಾ ರಾಣಿ ಕೊಟ್ಟ ಅದೇ ಕೋಟೆ ಮತ್ತು ಕೀಲಿಕೈ. ಸಾನ್ ರೋಕೆಯವರು ಹೊತ್ತು ನಡೆದ ಆ ಕೀಲಿಕೈ ನಮ್ಮ ಕಾವೇರಿಯ ದಡಕ್ಕೂ ಬಂದಿತ್ತೆಂದು ಮಗಳಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ.

ಫಿರಂಗಿಯ ಕಿಂಡಿಯಿಂದ ಕೆಳಗೆ ನೋಡಿದರೆ ಓಡುಹಾದಿ, ಬೇಲಿ, ಅದಕ್ಕೆ ತಾಗಿಕೊಂಡೇ ಲಾ ಲೀನಿಯಾದ ತಾರಸಿಗಳು. ಮೇಲಿನಿಂದ ಬೇಲಿಯನ್ನು ಹುಡುಕಬೇಕಾಗುತ್ತದೆ. ಓಡುಹಾದಿಯ ಆಚೆ ಯಾವ ಮನೆ ಯಾರದೆಂದು ಗೊತ್ತಾಗುವುದಿಲ್ಲ.

ಮಧ್ಯಾಹ್ನ ದಕ್ಷಿಣ ತುದಿಯ ಯುರೋಪಾ ಪಾಯಿಂಟಿಗೆ ಹೋದೆವು. ದೀಪಸ್ತಂಭ, ಸೌದಿ ದೊರೆಯ ಕೊಡುಗೆಯಿಂದ 1997ರಲ್ಲಿ ತೆರೆದ ಬಿಳಿಯ ಮಸೀದಿ, ಸ್ವಲ್ಪ ದೂರದಲ್ಲಿ ಯುರೋಪ್ ಮಾತೆಯ ಗುಡಿ. ಆ ಗುಡಿಯ ಮರದ ವಿಗ್ರಹವನ್ನು 1704ರಲ್ಲಿ ಸೈನಿಕರು ಭಗ್ನಗೊಳಿಸಿ ಸಮುದ್ರಕ್ಕೆ ಎಸೆದರು. ಬೆಸ್ತನೊಬ್ಬನಿಗೆ ಸಿಕ್ಕಿದ ಆ ವಿಗ್ರಹ ಪಾದ್ರಿ ರೊಮೇರೊನ ಕೈ ಸೇರಿ, ಆತ ಅದನ್ನು ಆಲ್ಹೆಸಿರಾಸ್‌ಗೆ ಕಳುಹಿಸಿ ಕಾಪಾಡಿದ. 1864ರಲ್ಲಿ ಅದು ಮತ್ತೆ ಇಲ್ಲಿಗೆ ಬಂತು. ಊರು ಬಿಟ್ಟವರಲ್ಲಿ ತಿರುಗಿ ಬಂದದ್ದು ಇದೊಂದೇ.

ಗಾಳಿ ತಗ್ಗಿದ ಮೇಲೆ ಎದುರಿಗೆ ಆಫ್ರಿಕಾದ ಬೆಟ್ಟಗಳು ಸ್ಪಷ್ಟವಾದವು. ಆ ದಡದಲ್ಲಿರುವ ಸೆಯುತಾ ಪಟ್ಟಣ ಸ್ಪೇನಿನದು; ಅದು ತನ್ನದೆಂದು ಮೊರಾಕ್ಕೋ ಕೇಳುತ್ತಲೇ ಇದೆ. ಎರಡೂ ಒಂದೇ ಅಲ್ಲ, ಸೆಯುತಾ ವಸಾಹತಲ್ಲ, ಸ್ಪೇನಿನ ಅಂಗವೇ ಎಂದು ಮ್ಯಾಡ್ರಿಡ್ ಹೇಳುತ್ತದೆ. ಕಾನೂನಿನಲ್ಲಿ ಆ ವ್ಯತ್ಯಾಸ ಇರಬಹುದು. ಆದರೆ ಈ ತುದಿಯಲ್ಲಿ ನಿಂತು ಆ ತುದಿಯನ್ನು ನೋಡಿದವನಿಗೆ, ಬಂಡೆಯ ವಿಷಯದಲ್ಲಿ ನೆಲದ ಮಾತನ್ನೂ ಸೆಯುತಾದ ವಿಷಯದಲ್ಲಿ ಜನರ ಮಾತನ್ನೂ ಮುಂದಿಡುವ ವಾದ ಪೂರ್ತಿ ಒಪ್ಪಿಗೆಯಾಗುವುದು ಕಷ್ಟ.

ಐದನೆಯ ದಿನ: ಮರಳಿ

ಕೊನೆಯ ದಿನ ಪೇಟೆಯಲ್ಲಿ ಸಣ್ಣಪುಟ್ಟ ಖರೀದಿ ಮುಗಿಸಿ, ಕೆಲಸಗಾರರು ಮನೆಗೆ ಹೊರಡುವ ಹೊತ್ತಿಗೆ ನಾವೂ ಹೊರಟೆವು. ಆಗ ಎಲ್ಲರ ಬಾಯಲ್ಲಿದ್ದ ಆತಂಕ ಒಂದೇ. 2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡುವ ಮತದಾನ ನಡೆದಾಗ ಜಿಬ್ರಾಲ್ಟರ್‌ನ ಶೇ. 96ರಷ್ಟು ಜನ ಬಿಡುವುದು ಬೇಡವೆಂದಿದ್ದರು. ಆದರೂ ಬಿಡಬೇಕಾಗಿ ಬಂತು. ಅಂದಿನಿಂದ ಈ ಗೇಟಿನ ಭವಿಷ್ಯ ತೂಗುಯ್ಯಾಲೆಯಲ್ಲಿತ್ತು. ನಾವು ಊರಿಗೆ ಮರಳಿ ವರ್ಷ ಕಳೆದ ಮೇಲೆ, 2025ರ ಜೂನ್ 11ರಂದು, ಬ್ರಿಟನ್, ಸ್ಪೇನ್, ಐರೋಪ್ಯ ಒಕ್ಕೂಟ ಮತ್ತು ಜಿಬ್ರಾಲ್ಟರ್ ಮುಖ್ಯಮಂತ್ರಿ ಫೇಬಿಯನ್ ಪಿಕಾರ್ಡೊ ಬ್ರಸೆಲ್ಸ್‌ನಲ್ಲಿ ಕುಳಿತು, ನೆಲದ ಗಡಿಯಲ್ಲಿ ತಪಾಸಣೆಯನ್ನು ತೆಗೆದು ವಿಮಾನ ನಿಲ್ದಾಣದಲ್ಲಿಯೂ ಬಂದರಿನಲ್ಲಿಯೂ ಎರಡೂ ಕಡೆಯವರು ತಪಾಸಣೆ ನಡೆಸುವ ಒಪ್ಪಂದಕ್ಕೆ ತಲೆದೂಗಿದರು. ಸಾರ್ವಭೌಮತ್ವದ ಕುರಿತು ಯಾರ ನಿಲುವಿಗೂ ಇದರಿಂದ ಬಾಧಕವಿಲ್ಲ ಎಂದು ಅದರಲ್ಲಿ ಸ್ಪಷ್ಟಪಡಿಸಿದ್ದಾರೆ. ಉಟ್ರೆಕ್ಟ್‌ನ ಜಗಳವನ್ನು ಹಾಗೆಯೇ ಬಿಟ್ಟು ಜನ ಓಡಾಡುವ ದಾರಿಯನ್ನು ಮಾತ್ರ ಬಿಡಿಸಿದ ಆ ಸುದ್ದಿಯನ್ನು ಮೈಸೂರಿನಲ್ಲಿ ಓದಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು.

ಆ ಸಂಜೆ ಗೇಟು ದಾಟಿ ಕಾಫಿ ಅಂಗಡಿಗೆ ಬಂದಾಗ ಅಜ್ಜಿ ಅದೇ ಮೇಜಿನಲ್ಲಿದ್ದರು. ಜೊತೆಗೆ ಐವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಅಕ್ಕನ ಮಗಳು, ಶುಕ್ರವಾರದ ಸಂಜೆ ಚಿಕ್ಕಮ್ಮನ ಬಳಿ ಬರುತ್ತಾಳೆ ಎಂದು ಪರಿಚಯಿಸಿದರು. ಅಂದು ತಲೆಯ ಮೇಲೆ ಎತ್ತಿ ತೋರಿಸಿದ ಮಗು ಇವಳೇ. ನಮಗೂ ಕಾಫಿ ಹೇಳಿ, ಅಜ್ಜಿ ನನ್ನ ಮಗಳನ್ನು ಕೇಳಿದರು, ಇವತ್ತು ದಾಟುವುದಕ್ಕೆ ಎಷ್ಟು ಹೊತ್ತಾಯಿತು ಎಂದು.

"ನಾಲ್ಕು ನಿಮಿಷ," ಎಂದಳು ಮಗಳು.

"ನಾಲ್ಕು ನಿಮಿಷ," ಎಂದು ಅಜ್ಜಿ ಮೆಲ್ಲಗೆ ಹೇಳಿ, ತಿಂಡಿಯ ತಟ್ಟೆಯನ್ನು ನಮ್ಮ ಕಡೆಗೆ ಸರಿಸಿದರು.